ಸುಳ್ಳು ಬಾಟಲಿ

ನವೆಂಬರ್ 12, ಮಂಗಳವಾರ

ಮತ್ತೆ ಎರಡು. ಕೋಟು ಕಳಚಿ ಗೂಟಕ್ಕೆ ಹಾಕುವ ಮೊದಲೇ ಮೆಷಿನ್ ಕೂಗಿತು. ಬಾಟಲಿಯಲ್ಲಿ ಕ್ರಿಮಿ ಬೆಳೆದರೆ ಕೂಗೋದು ಅದರ ಕೆಲಸ. ಎಮರ್ಜೆನ್ಸಿಯಿಂದ ಬಂದ ರಕ್ತದ ಬಾಟಲಿ. ಒಂದು ತೊಟ್ಟು ಗಾಜಿಗೆ ಹಚ್ಚಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಅದೇ ನೇರಳೆ ಗೊಂಚಲು. ಎಲ್ಲರ ಚರ್ಮದ ಮೇಲೂ ತೆಪ್ಪಗೆ ಕೂತಿರೋ ಬಡಪಾಯಿ ಸ್ಟ್ಯಾಫ್ ಬ್ಯಾಕ್ಟೀರಿಯಾ. ರಕ್ತದಲ್ಲಿ ಇದ್ದದ್ದಲ್ಲ. ಸೂಜಿ ಚುಚ್ಚುವಾಗ ಚರ್ಮದಿಂದ ಬಾಟಲಿಗೆ ಹೋಗಿದ್ದು.

ಪಕ್ಕದ ಬೆಂಚಿನ ಗೋರ್ಡಿ ಇದಕ್ಕೆ ‘ಕಂಟಾಮಿನೇಷನ್’ ಅಂತಾನೆ, ಪಾದ್ರಿ ಹೇಳಿದ ಹಾಗೆ, ಒಂದಕ್ಷರ ನುಂಗದೆ. ನಾನು ಸುಳ್ಳು ಬಾಟಲಿ ಅಂತೀನಿ. ಸುಳ್ಳು ಹೇಳುತ್ತೆ, ಅದಕ್ಕೆ.

ಇವತ್ತಿನ ಸುಳ್ಳು ಮೂರನೇ ಮಹಡಿಯ ಮುದುಕಿಯದು. ಮಧ್ಯಾಹ್ನ ಮನೆಗೆ ಹೋಗಬೇಕಿತ್ತು, ಮಗಳು ಕಾರು ತಂದು ನಿಂತಿದ್ದಳು. ‘ರಕ್ತದಲ್ಲಿ ಏನೋ ಬೆಳೆದಿದೆ’ ಅಂತ ಡಾಕ್ಟರು ಹಿಡಿದು ಮಲಗಿಸಿದರು. ಡ್ರಿಪ್ಪು, ಮತ್ತೆ ಚುಚ್ಚು, ಮತ್ತೆ ಕಾಯು. ಮನೇಲಿ ಬೆಕ್ಕು ಒಂದೇ ಇದೆ ಅಂತ ಅತ್ತಳಂತೆ. ಡಾಕ್ಟರದು ತಪ್ಪಿಲ್ಲ, ಸುಳ್ಳೋ ನಿಜವೋ ಮೊದಲ ದಿನ ಯಾರಿಗೂ ಗೊತ್ತಾಗಲ್ಲ.

ತಪ್ಪು ಯಾರದು ಅಂತ ನನಗೆ ಗೊತ್ತು. ಖರೀದಿ ವಿಭಾಗದ ಕರ್ಟಿಸ್ ಬ್ರೆಂಡೆಲ್. ಸೆಪ್ಟೆಂಬರಿನಲ್ಲಿ ಯಾರನ್ನೂ ಕೇಳದೆ, ಚುಚ್ಚುವ ಮೊದಲು ಚರ್ಮ ಒರೆಸೋ ಕ್ಲೋರ್‌ಹೆಕ್ಸಿಡಿನ್ ಕಡ್ಡಿ ನಿಲ್ಲಿಸಿ ಕಂದು ಅಯೋಡಿನ್ ಪಟ್ಟಿ ತರಿಸಿದ. ಅಗ್ಗ ಅಂತ. ಅಯೋಡಿನ್ ಕೆಟ್ಟದ್ದಲ್ಲ. ಆದರೆ ಹಚ್ಚಿದ ಮೇಲೆ ಒಣಗೋಕೆ ಎರಡು ನಿಮಿಷ ಬೇಕು, ಒಣಗುತ್ತಾ ಒಣಗುತ್ತಾ ಕ್ರಿಮಿ ಕೊಲ್ಲುವುದು ಅದು. ಎಮರ್ಜೆನ್ಸಿಯಲ್ಲಿ ಯಾರಪ್ಪನಿಗೆ ಎರಡು ನಿಮಿಷ ಪುರುಸೊತ್ತಿದೆ? ಒರೆಸು, ಚುಚ್ಚು, ಓಡು. ಕಡ್ಡಿಯಲ್ಲಿ ಸ್ಪಿರಿಟ್ ಇರುತ್ತೆ, ಅರ್ಧ ನಿಮಿಷಕ್ಕೆ ಒಣಗುತ್ತೆ. ಇದನ್ನು ಕರ್ಟಿಸ್‌ಗೆ ಬರೆದೆ. ನಗುವ ಹಳದಿ ಮುಖವೊಂದನ್ನು ಉತ್ತರ ಅಂತ ಕಳಿಸಿದ. ಹಾಳಾದವನು.

ನವೆಂಬರ್ 14

ಕಡ್ಡಿಯೋ ಪಟ್ಟಿಯೋ ಅಂತ ತೀರ್ಮಾನಿಸೋ ಕಮಿಟಿ ಮೀಟಿಂಗ್ ಮುಂದಕ್ಕೆ. ಯಾಕಂದರೆ ಜಿಂಕೆ ಬೇಟೆ. ಕಮಿಟಿಯ ಅರ್ಧ ಜನ ಕಿತ್ತಳೆ ಅಂಗಿ ತೊಟ್ಟು ಮರ ಹತ್ತಿ ಕೂತಿದ್ದಾರೆ. ಇಲ್ಲಿ ಸುಳ್ಳು ಬಾಟಲಿ ಇನ್ನೂ ಮೂರು.

ಊಟದ ಹೊತ್ತಿಗೆ ಡಯಾಲಿಸಿಸ್‌ ಕಡೆ ಹೋಗಿ ಬಂದೆ. ಇವತ್ತು ತಮ್ಮ ರೇನೊಗೆ ಡಯಾಲಿಸಿಸ್ ಇರೋ ದಿನ ಅಲ್ಲ ಅನ್ನೋದೇ ಮರೆತಿತ್ತು. ತಲೆ ಅಷ್ಟು ಕೆಟ್ಟಿದೆ.

ನವೆಂಬರ್ 26

ಗೆದ್ದೆ!

ಮೀಟಿಂಗಿನಲ್ಲಿ ಕರ್ಟಿಸ್ ಪರದೆ ಮೇಲೆ ಬಣ್ಣದ ಚಿತ್ರ ತೋರಿಸಿದ. “ಎರಡೂ ಒಂದೇ ಅಂತ ಹೇಳೋ ಸಂಶೋಧನೆನೂ ಇದೆ ವೆರ್ನಾ” ಅಂದ.

“ಇರಬಹುದು ಕಣಪ್ಪಾ. ಅದನ್ನ ಬರೆದೋರು ಗಡಿಯಾರ ಹಿಡ್ಕೊಂಡು ನಿಂತಿದ್ರು. ನಮ್ಮ ಎಮರ್ಜೆನ್ಸಿಗೆ ಒಂದು ಸಲ ಬಂದು ನಿಂತ್ಕೋ, ನಿನ್ನ ಚಿತ್ರ ಎಲ್ಲಾ ಮಡಚಿ ಜೇಬಿಗೆ ಹಾಕ್ಕೋತೀಯಾ.”

“ನೀವು ಲ್ಯಾಬಿನವರು ಯಾವಾಗ್ಲೂ ಕೂಗಾಡ್ತೀರಿ.”

“ಕೂಗೋ ಮೆಷಿನ್ ಪಕ್ಕ ಕೂರೋರು ನಾವು. ಕಿವಿ ತೂತಾಗಿದೆ.”

ಎಮರ್ಜೆನ್ಸಿಯ ಹೆಡ್ ನರ್ಸ್ ನಮ್ಮ ಡಾರ್ಲಾ ಸ್ಟಿಮಾಕ್. ಅವಳೂ ಎದ್ದು ನಿಂತಳು. “ಆ ಕಂದು ಪಟ್ಟಿ ಹಚ್ಚಿದ್ರೆ ರಕ್ತನಾಳ ಕಾಣಲ್ಲ. ಮಕ್ಕಳು ಹೆದರ್ತಾರೆ. ಕಡ್ಡಿ ವಾಪಸ್ ಕೊಡಿ, ಮುಗೀತು.” ಡಾರ್ಲಾ ಮಾತಾಡಿದ ಮೇಲೆ ಈ ಆಸ್ಪತ್ರೇಲಿ ಎದುರು ಮಾತಿಲ್ಲ. ಸೋಮವಾರದಿಂದ ಕಡ್ಡಿ ವಾಪಸ್. ಕರ್ಟಿಸ್ ಮುಖ ಹುಳಿ ಹಾಲು ಕುಡಿದವನ ಹಾಗಿತ್ತು. ನೋಡಿ ಹೊಟ್ಟೆ ತಣ್ಣಗಾಯಿತು.

ಡಿಸೆಂಬರ್ 7, ಶನಿವಾರ

ಡಾರ್ಲಾ ಮನೆ ಸೌನಾ. ಎಷ್ಟು ವರ್ಷದ ಶನಿವಾರಗಳೋ ಏನೋ. ಕಲ್ಲಿನ ಮೇಲೆ ನೀರು ಸುರಿದು ಹಬೆ ಎಬ್ಬಿಸಿ, ಇಬ್ಬರೂ ಬೆಂದ ಬೀಟ್‌ರೂಟಿನ ಹಾಗೆ ಕೂತು ಊರನ್ನೆಲ್ಲ ಬೈದೆವು. ಕಡ್ಡಿ ಗೆದ್ದ ಖುಷಿಗೆ ಅವಳು ಬೀರು ತಂದಿದ್ದಳು.

ರೇನೊ ವಿಷಯ ಬಂತು. ಒಬ್ಬನೇ ತಮ್ಮ ನನಗೆ. ಮೂರು ವರ್ಷದಿಂದ ಡಯಾಲಿಸಿಸ್, ಸೋಮ-ಬುಧ-ಶುಕ್ರ. ಅದಕ್ಕಂತ ಕೈಯಲ್ಲಿ ಮಾಡಿದ್ದ ರಕ್ತನಾಳದ ಜೋಡಣೆ ಬೇಸಿಗೆಯಲ್ಲಿ ಹೆಪ್ಪುಗಟ್ಟಿ ಸತ್ತಿತು. ಈಗ ಎದೆ ಮೇಲೆ ಟ್ಯೂಬು. ಅದೂ ಕೈಕೊಟ್ಟರೆ ಮುಂದೆ ಎಲ್ಲಿ ಹಾಕೋದು ಅಂತ ಕಿಡ್ನಿ ಡಾಕ್ಟರು ಓವೆಸನ್ ತಲೆ ಕೆರೆದುಕೊಳ್ಳುತ್ತಾರೆ. ಇನ್ನೊಂದು ಚಳಿಗಾಲ ಹೀಗೇ ದಾಟುತ್ತಾನೆ ಅಂತ ಅವರು ಬಾಯಿಬಿಟ್ಟು ಹೇಳಲ್ಲ. ನಾನೂ ಕೇಳಲ್ಲ.

“ಅವನ ಕೈಯಲ್ಲಿ ನಾಳ ಉಳಿದೇ ಇಲ್ಲ. ನಾನು ಬಿಟ್ರೆ ಯಾರಿಗೂ ಸಿಗಲ್ಲ” ಅಂದಳು ಡಾರ್ಲಾ. ತೋರುಬೆರಳು ಎತ್ತಿ ತೋರಿಸಿದಳು. “ಇದಕ್ಕೆ ಕಣ್ಣಿದೆ ಕಣೆ.”

ನಿಜ. ನಮ್ಮ ಇಡೀ ಗಣಿ ಸೀಮೆ ಐರನ್ ರೇಂಜ್‌ನಲ್ಲಿ ಅವಳ ಹಾಗೆ ಒಂದೇ ಚುಚ್ಚಿಗೆ ರಕ್ತ ತೆಗೆಯೋರು ಇಲ್ಲ. ಜನ ಹೆಸರು ಹಿಡಿದು ಕೇಳ್ತಾರೆ.

ಡಿಸೆಂಬರ್ 20

ರೇನೊಗೆ ಹೊಸ ಕಿಡ್ನಿ ಹಾಕೋ ತಾರೀಕು ಸಿಕ್ಕಿತು!! ಫೆಬ್ರವರಿ 5, ಮಿನಿಯಾಪೊಲಿಸ್.

ಕಿಡ್ನಿ ಕೊಡೋನು ಓರಿನ್. ರೇನೊ ಜೊತೆ ಒಂದನೇ ಕ್ಲಾಸಿಂದ ಹಾಕಿ ಆಡಿದವನು. ರಕ್ತ ಹೊಂದಿತು, ಎಲ್ಲಾ ಹೊಂದಿತು. ಹೊಂದದೇ ಇರೋದು ಅವನ ಕೆಲಸ ಒಂದೇ. ಅದಿರು ಹಡಗಿನಲ್ಲಿ ಚುಕ್ಕಾಣಿ ಹಿಡಿಯೋನು. ಸರೋವರ ಹೆಪ್ಪುಗಟ್ಟಿ ಹಡಗು ನಿಲ್ಲೋದು ಜನವರಿ ಮಧ್ಯದಿಂದ ಮಾರ್ಚ್ ಕೊನೆ ತನಕ. ಅಷ್ಟರೊಳಗೆ ಕೊಯ್ಸಿಕೊಂಡು, ಗಾಯ ಮಾಗಿ, ಮತ್ತೆ ಹಡಗು ಹತ್ತಬೇಕು. ಒಂದು ಸೀಸನ್ ತಪ್ಪಿದರೆ ಕಂಪನಿ ಇನ್ಶೂರೆನ್ಸ್ ಹೋಗುತ್ತೆ. ಅವನ ಹೆಂಡತಿಯ ಔಷಧಿಯೆಲ್ಲ ಅದರ ಮೇಲೇ ನಡೆಯೋದು. ಹಾಗಾಗಿ ಫೆಬ್ರವರಿ ಐದು. ತಪ್ಪಿದರೆ ಮುಂದಿನ ಚಳಿಗಾಲ.

ರೇನೊ ಫೋನ್ ಮಾಡಿ, “ಅಕ್ಕಾ, ಓರಿನ್ ಕಿಡ್ನಿ ಬಂದ್ರೆ ನಂಗೂ ಬ್ರಾಂದಿ ಚಪಲ ಹತ್ತುತ್ತಾ?” ಅಂದ.

“ಹತ್ತಿದ್ರೆ ಎರಡನ್ನೂ ನಾನೇ ಕಿತ್ತು ಹಾಕ್ತೀನಿ” ಅಂದೆ. ಫೋನ್ ಇಟ್ಟ ಮೇಲೆ ಅಡುಗೆಮನೇಲಿ ನಿಂತು ಗಳಗಳ ಅತ್ತೆ. ಯಾಕೆ ಅಂತ ಗೊತ್ತಿಲ್ಲ.

ಜನವರಿ 9

ಏನಾಗ್ತಿದೆ ಇಲ್ಲಿ? ಕಡ್ಡಿ ಬಂದು ತಿಂಗಳ ಮೇಲಾಯಿತು. ಸುಳ್ಳು ಬಾಟಲಿ ಒಂಚೂರೂ ಇಳಿದಿಲ್ಲ. ಎಮರ್ಜೆನ್ಸಿಯಿಂದ ಮಾತ್ರ. ವಾರ್ಡುಗಳದ್ದು ಇಳಿದಿದೆ.

ಕರ್ಟಿಸ್ ಕ್ಯಾಂಟೀನಿನಲ್ಲಿ ಸಿಕ್ಕ. “ಎಲ್ಲಾ ಅಯೋಡಿನ್ನಿಂದ ಅಂದ್ರಲ್ಲ ವೆರ್ನಾ?” ಅಂತ ಹಲ್ಲು ಕಿರಿದ. ಕೈಯಲ್ಲಿದ್ದ ಸೂಪು ಅವನ ಟೈ ಮೇಲೆ ಹೋಗಬೇಕಿತ್ತು. ತಡೆದುಕೊಂಡೆ. ತಡೆದುಕೊಂಡಿದ್ದಕ್ಕೆ ಈಗ ಹೊಟ್ಟೆ ಉರಿಯುತ್ತಿದೆ.

ಅರ್ಧ ನಿಮಿಷವೂ ಕಾಯ್ತಿಲ್ವಾ ಇವರು? ಕಡ್ಡಿ ತಿಕ್ಕಬೇಕು, ಸುಮ್ಮನೆ ಸವರಿದರೆ ಆಗಲ್ಲ. ತಿಕ್ಕುತ್ತಿಲ್ವಾ? ಡಾರ್ಲಾಗೆ ಕೇಳಿದೆ. “ನಾನೇ ನಿಂತು ನೋಡ್ತೀನಿ ಕಣೆ, ಎಲ್ರೂ ಚೆನ್ನಾಗಿ ತಿಕ್ತಾರೆ, ಕಾಯ್ತಾರೆ” ಅಂದಳು. ಅವಳು ಸುಳ್ಳು ಹೇಳೋಳಲ್ಲ.

ಜನವರಿ 24, ಶುಕ್ರವಾರ

ರೇನೊಗೆ ಜ್ವರ. ಡಯಾಲಿಸಿಸ್ ಮುಗಿಸಿ ಎದ್ದವನು ಗಡಗಡ ನಡುಗಿದನಂತೆ. ಎಮರ್ಜೆನ್ಸಿಗೆ ಕರಕೊಂಡು ಹೋದರು. ರಕ್ತ ತೆಗೆದು ಬಾಟಲಿ ಕೆಳಗೆ ನಮ್ಮ ಲ್ಯಾಬಿಗೆ ಬಂತು. ಲೇಬಲ್ ಮೇಲೆ ಅವನ ಹೆಸರು. ಗೋರ್ಡಿ ಕಿತ್ತುಕೊಂಡ. “ನಿನ್ನ ತಮ್ಮಂದು ನೀನು ಮುಟ್ಟಬೇಡ. ಕೊಡಿಲ್ಲಿ.”

ಸಂಜೆಗೆ ಜ್ವರ ಇಳಿಯಿತು. ಫ್ಲೂ ಇರಬೇಕು. ಊರೆಲ್ಲ ಮೂಗು ಸೋರಿಸಿಕೊಂಡು ಓಡಾಡುತ್ತಿದೆ. ಆದರೂ ವಾರ್ಡಿನಲ್ಲಿ ಇಟ್ಟುಕೊಂಡಿದ್ದಾರೆ.

ಜನವರಿ 26, ಭಾನುವಾರ

ಬೆಳೆಯಿತು.

ಎರಡು ಬಾಟಲಿಯಲ್ಲಿ ಒಂದು. ಅದೂ ನಿಧಾನಕ್ಕೆ, ಎರಡನೇ ದಿನ. ನೇರಳೆ ಗೊಂಚಲು. ಗೋರ್ಡಿ ಮೈಕ್ರೋಸ್ಕೋಪಿನಿಂದ ತಲೆ ಎತ್ತಲೇ ಇಲ್ಲ, ಆಗಲೇ ಗೊತ್ತಾಯಿತು.

ಸುಳ್ಳು! ಬೆತ್ತಲೆ ಸುಳ್ಳು! ವರ್ಷಗಟ್ಟಲೆ ಇದನ್ನೇ ನೋಡಿದ್ದೀನಿ. ಒಂದೇ ಬಾಟಲಿ, ತಡವಾಗಿ, ಚರ್ಮದ ಸ್ಟ್ಯಾಫ್ — ಇದು ಸುಳ್ಳಲ್ಲದೆ ಇನ್ನೇನು? ಆದರೆ ಡಾ. ಓವೆಸನ್ ಮಿನಿಯಾಪೊಲಿಸ್‌ಗೆ ಫೋನ್ ಮಾಡಲೇಬೇಕು, ಮಾಡಿದರು. ಅಲ್ಲಿನ ಡಾಕ್ಟರುಗಳು ಒಂದೇ ಮಾತು ಹೇಳಿದರಂತೆ: ರಕ್ತದಲ್ಲಿ ಕ್ರಿಮಿ ಇದ್ದರೆ ಆಪರೇಷನ್ ಇಲ್ಲ.

ಓವೆಸನ್ ರೇನೊ ಹಾಸಿಗೆ ಪಕ್ಕ ಕೂತು ನಿಧಾನಕ್ಕೆ ಹೇಳಿದರು. “ಟ್ಯೂಬು ತೆಗೆದುಬಿಡೋಣ ರೇನೊ. ಅದರಿಂದಲೇ ಬಂದಿದ್ದರೆ ಅದು ಒಳಗಿರೋವರೆಗೂ ಹೋಗಲ್ಲ.”

“ತೆಗೆದ್ರೆ ಮತ್ತೆ ಹೊಸದು, ಮತ್ತೆ ಜಾಗ ಹುಡುಕೋದು, ಐದನೇ ತಾರೀಕು ಗೋವಿಂದ!” ಅಂದೆ ನಾನು. “ಡಾಕ್ಟ್ರೇ, ಇದು ಚರ್ಮದ್ದು. ರಕ್ತದ್ದಲ್ಲ. ಬರಕೊಡ್ಲಾ?”

“ವೆರ್ನಾ, ಬಹುಶಃ ನೀವು ಹೇಳೋದೇ ಸರಿ. ಬಹುಶಃ ಅನ್ನೋದನ್ನ ನಂಬಿ ಕೂರೋಕೆ ನಂಗೆ ಭಯ.”

“ಭಯ ನಿಮಗೆ. ಕಿಡ್ನಿ ಹೋಗೋದು ಇವನಿಗೆ.”

ಅವರು ರೇನೊ ಮುಖ ನೋಡಿದರು. ರೇನೊ ನನ್ನ ಮುಖ ನೋಡಿದ. “ನಮ್ಮಕ್ಕ ಹೇಳಿದ್ಮೇಲೆ ಮುಗೀತು ಡಾಕ್ಟ್ರೇ. ಟ್ಯೂಬು ಇರ್ಲಿ.”

ಕೊನೆಗೆ ಒಪ್ಪಂದ. ಆ್ಯಂಟಿಬಯೋಟಿಕ್ ನಡೆಯಲಿ. ಮಂಗಳವಾರ ಮತ್ತೊಮ್ಮೆ ರಕ್ತ, ಎರಡು ಬೇರೆ ಜಾಗದಿಂದ. ಫೆಬ್ರವರಿ ಎರಡರ ತನಕ ಏನೂ ಬೆಳೆಯದಿದ್ದರೆ ಐದರ ತಾರೀಕು ಉಳಿಯುತ್ತೆ.

ಹೊರಡುವಾಗ ರೇನೊನ ಕೇಳಿದೆ, “ಶುಕ್ರವಾರ ರಕ್ತ ಯಾರೋ ತೆಗೆದಿದ್ದು? ಯಾವ ಕತ್ತೆ?”

“ಕತ್ತೆ ಅಂತೀಯಲ್ಲ, ಡಾರ್ಲಾ! ಪುಣ್ಯಕ್ಕೆ ಅವಳಿದ್ಲು. ಮೊದಲು ಬಂದ ಹುಡುಗಿ ನೋಡಿ ಕೈ ಚೆಲ್ಲಿದ್ಲು. ಡಾರ್ಲಾ ಬಂದ್ಲು, ಕಡ್ಡಿಯಿಂದ ತಿಕ್ಕಿದ್ಲು, ಗ್ಲೌಸಿನ ಬೆರಳ ತುದಿ ಹಲ್ಲಲ್ಲಿ ಕಚ್ಚಿ ಹರಿದ್ಲು, ಬರೀ ಬೆರಳಲ್ಲಿ ಒತ್ತಿ ಒತ್ತಿ ಹುಡುಕಿ — ಟಕ್! ಒಂದೇ ಚುಚ್ಚು.”

ಏನಂದೆ ಅಂತ ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆ ಅದನ್ನೇ ಹೇಳಿದ, ಮೆಚ್ಚಿಕೊಂಡು.

ಜನವರಿ 27, ಸೋಮವಾರ

ಬೆಳಗ್ಗೆ ಕೆಲಸ ಗೋರ್ಡಿಗೆ ಒಪ್ಪಿಸಿ ಎಮರ್ಜೆನ್ಸಿಗೆ ಹೋಗಿ ಮೂಲೇಲಿ ನಿಂತೆ. ಯಾರೂ ಕೇಳಲಿಲ್ಲ. ನೋಡಿದೆ. ಹೊಸ ಹುಡುಗಿ ಕಡ್ಡಿಯಿಂದ ಚೆನ್ನಾಗೇ ತಿಕ್ಕಿದಳು, ಕಾದಳು, ಒಣಗಿತು. ಶಭಾಷ್ ಅನ್ನಬೇಕು, ಅಷ್ಟರಲ್ಲಿ ಗ್ಲೌಸಿನ ತೋರುಬೆರಳ ತುದಿ ಚರ್ರಂತ ಹರಿದು, ತೊಳೆದ ಜಾಗದ ಮೇಲೇ ಬರೀ ಬೆರಳಿಟ್ಟು ಒತ್ತಿದಳು. ಇನ್ನೊಬ್ಬಳು, ಅದೇ. ದಾಡಿ ಬಿಟ್ಟ ಹುಡುಗ, ಅವನೂ ಅದೇ. ಕಸದ ಬುಟ್ಟಿಗೆ ಬಗ್ಗಿದರೆ ತುಂಬ ನೀಲಿ ಬೆರಳ ತುದಿಗಳು.

ಥೂ! ಮೂರು ತಿಂಗಳು ನಾವು ಕಂದು ಮೇಲೋ ಕಡ್ಡಿ ಮೇಲೋ ಅಂತ ಕಮಿಟಿ ಕೂರಿಸಿ ಜಗಳ ಆಡಿದ್ದು ಏನಕ್ಕೆ? ಸ್ವರ್ಗದಿಂದ ಅಮೃತ ತಂದು ಒರೆಸಿದರೂ ಆಮೇಲೆ ಬೆರಳಿಟ್ಟರೆ ಏನು ಬಂತು?

“ಯಾರು ಕಲಿಸಿದ್ದು ನಿಂಗೆ ಇದು?” ಅಂತ ಆ ಹುಡುಗನ್ನ ಕೇಳಿದೆ.

“ಡಾರ್ಲಾ ಟ್ರಿಕ್ ಅಲ್ವಾ ಇದು? ಎಲ್ರಿಗೂ ಅವರೇ ಕಲಿಸೋದು” ಅಂದ, ಹೆಮ್ಮೆಯಿಂದ.

ಡಾರ್ಲಾನ ಲಿನೆನ್ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ.

“ಗ್ಲೌಸ್ ಯಾಕೇ ಹರೀತೀಯಾ?”

“ಯಾಕೆ ಅಂದ್ರೆ? ನಾಳ ಸಿಗಬೇಕಲ್ಲ! ಆ ರಬ್ಬರ್ ಹಾಕ್ಕೊಂಡು ರೇನೊ ಕೈ ಮುಟ್ಟಿ ನೋಡು, ಗೋಡೆ ಮುಟ್ಟಿದ ಹಾಗಿರುತ್ತೆ.”

“ತಿಕ್ಕಿದ ಮೇಲೆ ಮುಟ್ತೀಯಾ. ತಿಕ್ಕಿದ ಮೇಲೆ!”

“ಬೆರಳನ್ನೂ ಒರೆಸ್ಕೋತೀನಿ.”

“ಎಷ್ಟು ಹೊತ್ತು? ಅದೂ ಒಣಗೋ ತನಕ ಕಾಯ್ತೀಯಾ?”

ಅವಳ ಮುಖ ಕೆಂಪಾಯಿತು. “ನಿನ್ನ ಬಾಟಲಿಗಳು ಅಳಲ್ಲ ವೆರ್ನಾ. ನನ್ನವರು ಅಳ್ತಾರೆ. ಆರು ಸಲ ಚುಚ್ಚಿಸ್ಕೊಂಡ ಮಗು ಏಳನೇ ಸಲಕ್ಕೆ ಹೇಗೆ ಕಿರುಚುತ್ತೆ ಕೇಳಿದೀಯಾ? ನಾನು ಒಂದೇ ಸಲ ಚುಚ್ತೀನಿ. ಒಂದೇ. ಅದು ತಪ್ಪಾ?”

“ನಿನ್ನ ಆ ಒಂದು ಚುಚ್ಚು ರೇನೊ ಕಿಡ್ನಿ ತಿಂದು ಹಾಕ್ತಿದೆ!”

“ಬಾಯಿ ಮುಚ್ಚು!”

“ನೀನು ಮುಚ್ಚು! ಊರಿನ ಮಕ್ಕಳಿಗೆಲ್ಲ ಕಲಿಸಿ ಇಟ್ಟಿದೀಯಲ್ಲ, ಡಾರ್ಲಾ ಟ್ರಿಕ್ ಅಂತೆ, ಏನು ದೊಡ್ಡ ಘನಂದಾರಿ ಟ್ರಿಕ್ಕು!”

ಕೈ ಎತ್ತಿದ್ದಳು, ಹೊಡೆಯಬಹುದು ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಟವೆಲ್‌ಗಳ ಮೇಲೆ ಕುಕ್ಕರಿಸಿದಳು. “ನನ್ನ ಕೈಯಿಂದ ಯಾರಿಗೂ ಕೆಟ್ಟದ್ದಾಗಿಲ್ಲ ಅಂತ... ಅಂದ್ಕೊಂಡಿದ್ದೆ ಕಣೆ” ಅಂದಳು. ಬಾಗಿಲು ದಡಾರನೆ ಎಳೆದುಕೊಂಡು ಬಂದೆ.

ಸಿಟ್ಟು ಇನ್ನೂ ಇಳಿದಿಲ್ಲ. ಅವಳ ಮೇಲಾ, ನನ್ನ ಮೇಲಾ, ಎಲ್ಲರ ಮೇಲಾ ಗೊತ್ತಾಗ್ತಿಲ್ಲ. ಅಷ್ಟು ಶನಿವಾರ ಪಕ್ಕದಲ್ಲಿ ಕೂತು ಆ ಬೆರಳನ್ನ ಹೊಗಳಿದ್ದೇ ಹೊಗಳಿದ್ದು ನಾನು.

ಜನವರಿ 28

ಇವತ್ತು ರಕ್ತ ತೆಗೆಯೋ ದಿನ. ಡಾರ್ಲಾ ಬಿಟ್ಟರೆ ರೇನೊ ಕೈಯಲ್ಲಿ ನಾಳ ಯಾರಿಗೂ ಸಿಗಲ್ಲ. ಹಾಗಾಗಿ ಅವಳೇ ಬಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮೊದಲು ಬರೀ ಕೈಯಲ್ಲಿ ಹುಡುಕಿದಳು. ತುಂಬ ಹೊತ್ತು. ಸಿಕ್ಕ ಜಾಗಕ್ಕೆ ಪೆನ್ನಿನ ಮುಚ್ಚಳ ಒತ್ತಿ ಗುಂಡಗೆ ಗುರುತು ಮಾಡಿದಳು. ಆಮೇಲೆ ಕೈ ತೊಳೆದು, ಇಡೀ ಗ್ಲೌಸು. ಕಡ್ಡಿ ಒಡೆದು ಹಿಂದೆ ಮುಂದೆ, ಹಿಂದೆ ಮುಂದೆ ತಿಕ್ಕಿದಳು. ನಿಂತಳು. ಕಾದೆವು.

“ಏನ್ರೇ ಇಬ್ರೂ, ನಾನು ಸತ್ತೋಗಿದೀನಾ? ಪ್ರಾರ್ಥನೆಗೆ ನಿಂತೋರ ಥರ ನಿಂತಿದೀರಿ” ಅಂದ ರೇನೊ.

ಚುಚ್ಚಿದಳು. ಬರಲಿಲ್ಲ. ಒಳಗೇ ತಿರುಗಿಸಿದಳು. ಬರಲಿಲ್ಲ. ರೇನೊ ಹಲ್ಲು ಕಚ್ಚಿದ. ಅವಳ ತೋರುಬೆರಳು ತನ್ನಷ್ಟಕ್ಕೆ ಮುಂದೆ ಬಂತು, ಚರ್ಮದ ಹತ್ತಿರ, ಇನ್ನೇನು ಮುಟ್ಟಬೇಕು... ತಡೆದಳು. ಸೂಜಿ ಹೊರಗೆ ತೆಗೆದಳು. “ಕ್ಷಮಿಸೋ ರೇನೊ” ಅಂದಳು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿಯೇ ಇರಲಿಲ್ಲ. ಮತ್ತೆ ಮೊದಲಿಂದ. ಹೊಸ ಜಾಗ, ಹೊಸ ಗುರುತು, ಹೊಸ ಕಡ್ಡಿ, ಹೊಸ ಕಾಯುವಿಕೆ. ನಾಲ್ಕನೇ ಚುಚ್ಚಿಗೆ ಎರಡು ಜಾಗದಿಂದಲೂ ಸಿಕ್ಕಿತು. ಬಾಟಲಿಯ ರಬ್ಬರ್ ಮುಚ್ಚಳ ಕೂಡ ಸ್ಪಿರಿಟ್ಟಿನಲ್ಲಿ ಒರೆಸಿದಳು. ರೇನೊ ಕೈ ತುಂಬ ನೀಲಿ ಕಲೆ.

ಬಾಗಿಲ ಹತ್ತಿರ ನಿಂತು ನನ್ನ ನೋಡದೇ ಅಂದಳು, “ಇದರಲ್ಲಿ ನನ್ನದೇನೂ ಇಲ್ಲ. ಬೇಕಾದ್ರೆ ಎಷ್ಟು ಬೇಕಾದ್ರೂ ಹುಡುಕು.”

“ನೋಡಿದೆ. ಚೆನ್ನಾಗಿ ತೆಗೆದೆ” ಅಂದೆ.

ಜನವರಿ 29, ಬುಧವಾರ

ಮೆಷಿನ್ ಕೂಗಿಲ್ಲ. ಒಂದು ದಿನ ಆಯಿತು.

ಡಯಾಲಿಸಿಸ್ ಕೋಣೆಗೆ ಹೋದರೆ ರೇನೊ ನಡುಗುತ್ತಿದ್ದ. ಅಲ್ಲಿನ ಹುಡುಗಿಯನ್ನ ತರಾಟೆಗೆ ತೆಗೆದುಕೊಂಡೆ. ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗಿದೆ, ಒಳಗೆ ಕಿಟಕಿ ಸಂದಿಯಿಂದ ಗಾಳಿ ನುಗ್ಗುತ್ತಿದೆ, ಒಂದು ಕಂಬಳಿ ಕೊಡೋಕೆ ಆಗಲ್ವಾ ನಿಮಗೆ? ಪಾಪ, ಎರಡು ತಂದಳು.

“ಡಾಕ್ಟರಿಗೆ ಹೇಳ್ಬೇಡ ಅಕ್ಕಾ” ಅಂದ ರೇನೊ. “ಆಮೇಲೆ ಅದೂ ಇದೂ ಅಂತ ತಾರೀಕು ಕಿತ್ಕೋತಾರೆ. ಜನವರೀಲಿ ಇಲ್ಲಿ ಯಾರು ನಡುಗಲ್ಲ ಹೇಳು?”

ಹೇಳಲಿಲ್ಲ. ಅರ್ಧ ಗಂಟೆಗೆ ನಿಂತಿತು. ಕೋಣೆ ತಂಪಿತ್ತು, ನಿಜಕ್ಕೂ ತಂಪಿತ್ತು.

ಓರಿನ್ ಬಂದಿದ್ದ. ಹಡಗಿನವರ ದೊಡ್ಡ ಚೀಲ ತೋರಿಸಿ, “ಇದರಲ್ಲೇ ಕಿಡ್ನಿ ಹಾಕ್ಕೊಂಡು ಬಂದ್ಬಿಡ್ಲಾ?” ಅಂತ ಇಡೀ ಕೋಣೆಯನ್ನ ನಗಿಸಿದ.

ಜನವರಿ 30, ಬೆಳಗ್ಗೆ ಹತ್ತೂ ಮುಕ್ಕಾಲು

ಸ್ಟೋರ್ ರೂಮಿನಲ್ಲಿ ಕೂತು ಬರೀತಿದ್ದೀನಿ.

ಒಂಬತ್ತಕ್ಕೆ ಕೂಗಿತು. ರೇನೊದು. ಗೋರ್ಡಿ ಇವತ್ತು ರಜೆ, ನಾನೊಬ್ಬಳೇ. ಮೊದಲು ಬಂದದ್ದು ಸಿಟ್ಟು — ಡಾರ್ಲಾ! ಮುಟ್ಟಿದ್ದಾಳೆ! ನನ್ನ ಕಣ್ಣು ತಪ್ಪಿಸಿ ಮುಟ್ಟಿದ್ದಾಳೆ! ಬೈಗುಳ ಬಾಯಲ್ಲಿ ರೆಡಿ ಇಟ್ಟುಕೊಂಡೇ ಬಣ್ಣ ಹಾಕಿದೆ. ನೋಡಿದೆ.

ಗೊಂಚಲಲ್ಲ. ನೇರಳೆ ಅಲ್ಲ. ಗುಲಾಬಿ. ಸಣ್ಣ ಸಣ್ಣ ಕಡ್ಡಿಯಾಕಾರದ ಕ್ರಿಮಿಗಳು, ಎಲ್ಲಿ ನೋಡಿದರೂ.

ಇವು ಚರ್ಮದ ಮೇಲೆ ಕೂರೋ ಜಾತಿಯಲ್ಲ. ನೋಡುತ್ತಾ ನಿಂತಿದ್ದೆ, ಎರಡನೇ ಬಾಟಲಿ ಕೂಗಿತು. ಆಮೇಲೆ ಇನ್ನೊಂದು ಕೈಯಿಂದ ತೆಗೆದದ್ದು. ಆಮೇಲೆ ಅದರ ಜೊತೆಯದು. ನಾಲ್ಕೂ. ನಾಲ್ಕರಲ್ಲೂ ಅದೇ.

ಅಷ್ಟು ಚೆನ್ನಾಗಿ ತೆಗೆದಿದ್ದಾಳೆ. ಸುಳ್ಳು ಅನ್ನೋಕೆ ಒಂದು ಸಂದಿ ಬಿಟ್ಟಿಲ್ಲ.

ಟ್ಯೂಬಿನದು. ಟ್ಯೂಬಿನೊಳಗೆ ಮನೆ ಮಾಡಿಕೊಂಡು ಕೂತಿದೆ. ಡಯಾಲಿಸಿಸ್ ಹಾಕಿದಾಗೆಲ್ಲ ರಕ್ತಕ್ಕೆ ಇಳಿಯುತ್ತೆ. ಕೊಡುತ್ತಿದ್ದ ಔಷಧಿ ಇದಕ್ಕೆ ತಾಗುವುದಲ್ಲ, ಅದು ಆ ದರಿದ್ರ ಗೊಂಚಲಿಗೆ ಕೊಟ್ಟಿದ್ದು. ಶುಕ್ರವಾರ ಯಾಕೆ ಸಿಗಲಿಲ್ಲವೋ ನನಗೆ ಗೊತ್ತಿಲ್ಲ. ಒಂದು ಸುಳ್ಳು ಬೆಳೆಯಿತು, ನಾವೆಲ್ಲ ಅದರ ಜೊತೆ ಜಗಳಕ್ಕೆ ನಿಂತೆವು, ಹಿಂದೆ ನಿಜ ತನ್ನ ಪಾಡಿಗೆ ಬೆಳೆಯುತ್ತಿತ್ತು. ನಿನ್ನೆ ನಡುಗುತ್ತಿದ್ದ ನನ್ನ ತಮ್ಮ. ನಾನು ಕಂಬಳಿಗೆ ಜಗಳ ಆಡಿದೆ.

ಓವೆಸನ್‌ಗೆ ಫೋನ್ ಮಾಡಿದೆ. ನಾನು ಹೇಳಿರಲಿಲ್ವಾ ಅನ್ನಬಹುದಿತ್ತು. ಅನ್ನಲಿಲ್ಲ. “ಟ್ಯೂಬು ಇವತ್ತೇ ತೆಗೀತೀನಿ” ಅಂದರು. ಮತ್ತೆ, “ಇದನ್ನ ಒಳಗಿಟ್ಟುಕೊಂಡು ಕಿಡ್ನಿ ಹಾಕಿದ್ರೆ, ಆಮೇಲೆ ಕೊಡೋ ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧಿಗೆ ಇವನು ಉಳೀತಿರಲಿಲ್ಲ ವೆರ್ನಾ. ಸಿಕ್ಕಿದ್ದು ಒಳ್ಳೇದಾಯ್ತು” ಅಂದರು. ಒಳ್ಳೇದಂತೆ! ಫೋನ್ ಗೋಡೆಗೆ ಬಿಸಾಕಬೇಕು ಅನ್ನಿಸಿತು. ಐದನೇ ತಾರೀಕು ಏನಾಗುತ್ತೆ ಅಂತ ಕೇಳಿದೆ. “ಮಿನಿಯಾಪೊಲಿಸ್‌ಗೆ ಈಗಲೇ ಫೋನ್ ಮಾಡಿ ಬೇಡ ಅಂತ ಹೇಳ್ಬೇಕು” ಅಂದರು.

ಡಾರ್ಲಾ ಓಡಿಬಂದಳು, ಮೇಲಿಂದ, ಮೆಟ್ಟಿಲಿಳಿದು, ಏದುಸಿರು ಬಿಡುತ್ತಾ. ಯಾರೋ ಹೇಳಿದ್ದಾರೆ. “ನಂದಾ? ನನ್ನ ಕೈಯಿಂದಾನಾ? ಹೇಳೇ, ನಾನು ಮುಟ್ಟಿಲ್ಲ ಕಣೆ, ದೇವರಾಣೆ ಮುಟ್ಟಿಲ್ಲ —”

“ನಿಂದಲ್ಲ” ಅಂದೆ. “ನಿನ್ನ ಕೈ ಸ್ವಚ್ಛ ಇತ್ತು.”

ಅವಳಿಗೆ ಸಮಾಧಾನ ಆಗಬೇಕಿತ್ತು. ನನ್ನ ಮುಖ ನೋಡಿ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ನನಗೆ ಅಳು ಬರುತ್ತಿಲ್ಲ. ಯಾರಿಗಾದರೂ ಬೈಯಬೇಕು. ಯಾರಿಗೆ? ಕರ್ಟಿಸ್‌ಗಾ? ಈ ಸಲ ಎಲ್ಲರೂ ಎಲ್ಲವನ್ನೂ ಸರಿಯಾಗಿ ಮಾಡಿದ್ದಾರೆ. ಟ್ಯೂಬು ಇರಲಿ ಅಂದವಳು ನಾನು.

ಫೋನ್ ಅದುರುತ್ತಿದೆ. ಮೂರನೇ ಸಲ. ರೇನೊ. ನಡುವೆ ಒಂದು ಮೆಸೇಜು: “ಅಕ್ಕಾ, ಓರಿನ್ ಕಾರಿಗೆ ಹೊಸ ಟೈರು ಹಾಕಿಸಿದಾನೆ, ಇಲ್ಲಿಂದ ಬಿಟ್ರೆ ನಾಳೆನೇ ಮಿನಿಯಾಪೊಲಿಸ್‌ಗೆ ಹೋಗಿ ಹೋಟ್ಲಲ್ಲಿ ಇರೋಣ ಅಂತಾನೆ. ಪ್ಯಾಕ್ ಮಾಡ್ಲಾ?”

ಓವೆಸನ್ ವಾರ್ಡಿಗೆ ಹೋಗೋದರೊಳಗೆ ನಾನೇ ಹೇಳಬೇಕು. ನನ್ನ ಬಾಯಿಂದಲೇ ಕೇಳಬೇಕು ಅವನು. ಎತ್ತುತ್ತೀನಿ. ಮೊದಲು ‘ರೇನೊ, ಕೂತಿದೀಯಾ?’ ಅನ್ನಬೇಕು. ಅದಾದ ಮೇಲೆ